ಈ ಪತಂಗದ ರೆಕ್ಕೆ ಹರಿದಿದೆಯೋ, ಇರೋದೇ ಹೀಗೋ?

ಗೋಡೆಗಣ್ಣು:
ನಿನ್ನೆ ರಾತ್ರಿ ಬಚ್ಚಲುಮನೆಯ ಬಿಳಿ ಟೈಲ್ಸ್ ಮೇಲೆ ಒಂದು ಪುಟ್ಟ ಪತಂಗ ಕೂತಿತ್ತು. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಬೂದುಗಂದು ಬಣ್ಣ, ಅಡ್ಡಕ್ಕೆ ಅಂಕುಡೊಂಕು ಪಟ್ಟೆ. ರೆಕ್ಕೆ ಬಿಚ್ಚಿಕೊಂಡು ಬೀಸಣಿಗೆ ಹಾಗೆ ಗೋಡೆಗೆ ಅಂಟಿಕೊಂಡಿತ್ತು. ರೆಕ್ಕೆಯೆಲ್ಲ ಸೀಳು ಸೀಳು. ಹಲ್ಲಿ ಬಾಯಿಂದ ತಪ್ಪಿಸಿಕೊಂಡು ಬಂದಿರಬೇಕು, ಪಾಪ, ಅಂದುಕೊಂಡೆ. ಆಮೇಲೆ ಫೋನಿಗೆ ಮ್ಯಾಕ್ರೊ ಲೆನ್ಸ್ ಸಿಕ್ಕಿಸಿ ನೋಡಿದರೆ ಎಡಕ್ಕೂ ಬಲಕ್ಕೂ ಒಂದೇ ಥರ ಸೀಳಿದೆ! ಹಲ್ಲಿ ಅಷ್ಟು ಅಚ್ಚುಕಟ್ಟಾಗಿ ಹರಿಯಲ್ಲ ಅಲ್ವಾ? ಏನಿದು? ಪ್ರಭೇದದ ಹೆಸರು ಸಿಕ್ಕರೆ ಖುಷಿ.

ಹುಳಹುಪ್ಪಟೆ:
ಗರಿ ಪತಂಗ. ಟೆರೊಫೊರಿಡೆ ಕುಟುಂಬ. ಸುಮ್ನೆ ಹುಡುಕಿ, ಬೇಕಾದಷ್ಟು ಫೋಟೊ ಸಿಗುತ್ತವೆ.

ದೀಪದಬುಡ:
ಹುಳಹುಪ್ಪಟೆಯವರೇ, ಬೇಜಾರು ಮಾಡ್ಕೋಬೇಡಿ, ಇದು ಅದಲ್ಲ. ನಾನೂ ಎರಡು ವರ್ಷ ಇದೇ ತಪ್ಪು ಮಾಡಿ, ಫೋಟೊಗಳನ್ನೆಲ್ಲ ತಪ್ಪು ಫೋಲ್ಡರಿನಲ್ಲಿ ತುಂಬಿಟ್ಟಿದ್ದೆ. ಟೆರೊಫೊರಿಡೆ ಪತಂಗಗಳು ಕೂತಾಗ ರೆಕ್ಕೆಯನ್ನು ಸುತ್ತಿ ಎರಡು ಕಡೆಗೆ ಕಡ್ಡಿ ಹಾಗೆ ಚಾಚುತ್ತವೆ. ಮೈ ಸೇರಿಸಿ ನೋಡಿದರೆ ಇಂಗ್ಲಿಷಿನ ‘ಟಿ’ ಅಕ್ಷರ. ಅವುಗಳ ಮುಂದಿನ ರೆಕ್ಕೆ ಸಾಮಾನ್ಯವಾಗಿ ಎರಡು ಸೀಳು, ಹಿಂದಿನದು ಮೂರು. ನಿಮ್ಮದು ಬೀಸಣಿಗೆ ಬಿಡಿಸಿ ಕೂತಿದೆ. ಇದು ಅಲುಸಿಟಾ ಕುಲ, ಅಲುಸಿಟಿಡೆ ಕುಟುಂಬ.

ಗೋಡೆಗಣ್ಣು, ಒಂದು ಕೆಲಸ ಮಾಡಿ. ಫೋಟೊ ದೊಡ್ಡದು ಮಾಡಿ ಒಂದು ಪಕ್ಕದ ಗರಿಗಳನ್ನು ಎಣಿಸಿ.

ಗೋಡೆಗಣ್ಣು:
ಮೂರು ಸಲ ಎಣಿಸಿದೆ. ಎಡಕ್ಕೆ 12, ಬಲಕ್ಕೆ 11. ಒಂದು ಮುರಿದಿರಬಹುದಾ?

ದೀಪದಬುಡ:
ಎರಡು ಗರಿ ಒಂದರ ಮೇಲೊಂದು ಕೂತಿರಬೇಕು. ಬಲಗಡೆ ಮುಂದಿನ ರೆಕ್ಕೆಯ ಕೆಳಅಂಚು, ಹಿಂದಿನ ರೆಕ್ಕೆ ಶುರುವಾಗುವ ಜಾಗ ನೋಡಿ. ಅಲ್ಲಿ ಒಂದು ದಪ್ಪಗೆ ಕಾಣ್ತಿದೆ.

ಲೆಕ್ಕ ಹೀಗೆ: ರೆಕ್ಕೆ ನಾಲ್ಕು, ಒಂದೊಂದರಲ್ಲೂ ಆರು ಗರಿ, ಒಟ್ಟು 24. ಒಂದೊಂದು ಗರಿಯ ನಡುವೆಯೂ ಗಟ್ಟಿ ಕಡ್ಡಿ, ಎರಡೂ ಪಕ್ಕ ಕೂದಲಿನ ಅಂಚು. ಪಕ್ಕಪಕ್ಕದ ಅಂಚುಗಳು ಸೇರಿಕೊಂಡಾಗ ದೂರದಿಂದ ಒಂದೇ ರೆಕ್ಕೆ ಅನಿಸುತ್ತೆ. ಇಂಗ್ಲಿಷಿನವರು ಇದಕ್ಕೆ ‘ಇಪ್ಪತ್ತು ಗರಿಯ ಪತಂಗ’ ಅಂತ ಹೆಸರಿಟ್ಟಿದ್ದಾರೆ. ಯಾರು ಎಣಿಸಿದರೋ! ಜೀವಿಗಳಿಗೆ ಎರಡು ಪದದ ವೈಜ್ಞಾನಿಕ ಹೆಸರಿಡೋ ಪದ್ಧತಿ ತಂದ ಲಿನೇಯಸ್ಸೇ ವಾಸಿ. 1758ರಲ್ಲೇ ‘ಹೆಕ್ಸಾಡಾಕ್ಟೈಲಾ’ ಅಂದ, ಅಂದರೆ ಆರು ಬೆರಳಿನದು. ಒಂದು ರೆಕ್ಕೆಗೆ ಲೆಕ್ಕ ಸರಿಯಾಗಿದೆ.

ಹುಳಹುಪ್ಪಟೆ:
ಒಪ್ಪಿದೆ. ಆದರೂ ಎರಡಕ್ಕೂ ಗರಿ ಇದೆ ಅಂದಮೇಲೆ ಎರಡೂ ನೆಂಟರೇ ಅಲ್ವಾ?

ದೀಪದಬುಡ:
ಹತ್ತಿರದ ನೆಂಟರಲ್ಲ. ಅಲುಸಿಟಿಡೆಗೆ ಹತ್ತಿರದ ಕುಟುಂಬ ಅಂತ ಜೊತೆಗಿಟ್ಟಿರೋದು ಟಿನಿಯೋಡಿಡೆಯನ್ನು. ಅವುಗಳ ರೆಕ್ಕೆ ಹೆಚ್ಚಾಗಿ ಸೀಳಿಲ್ಲದ ಮಾಮೂಲಿ ರೆಕ್ಕೆ. ಟೆರೊಫೊರಿಡೆ ಬೇರೆಯೇ ದೊಡ್ಡ ಗುಂಪಿಗೆ ಸೇರಿದ್ದು. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ರೆಕ್ಕೆ ಸೀಳಿಕೊಂಡವರು. ಹೆಸರುಗಳ ಗೊಂದಲವೂ ಕಡಿಮೆ ಇಲ್ಲ. ಹಳೆಯ ಪುಸ್ತಕಗಳಲ್ಲಿ ನಮ್ಮ ಅಲುಸಿಟಾ ‘ಆರ್ನಿಯೋಡಿಸ್’ ಆಗಿರುತ್ತೆ. ಹುಡುಕುವಾಗ ಎರಡೂ ಹೆಸರು ಹಾಕಿ.

ಗೋಡೆಗಣ್ಣು:
ಹಾಗಾದರೆ ನನ್ನದು ಅಲುಸಿಟಾ ಹೆಕ್ಸಾಡಾಕ್ಟೈಲಾ ಅಂತ ಬರೆದುಕೊಳ್ಳಲಾ?

ದೀಪದಬುಡ:
ಬೇಡ ಬೇಡ! ಎಲ್ಲರೂ ಎಡವೋದು ಇಲ್ಲೇ. ಉತ್ತರ ಅಮೆರಿಕದಲ್ಲಿ ಬಹಳ ಕಾಲ ಇಂಥ ಪತಂಗ ಸಿಕ್ಕಿದಾಗೆಲ್ಲ ಹೆಕ್ಸಾಡಾಕ್ಟೈಲಾ ಅಂತಲೇ ಬರೆದರು. ಸರಿಯಾಗಿ ಬಿಚ್ಚಿ ನೋಡಿದಾಗ ಅಲ್ಲಿಯವು ಬೇರೆ ಅಂತ ಗೊತ್ತಾಯಿತು. ಒಂದಕ್ಕೆ 1921ರಲ್ಲೇ ‘ಮೊಂಟಾನಾ’ ಅಂತ ಹೆಸರಿತ್ತು. ಇನ್ನೆರಡಕ್ಕೆ 2004ರಲ್ಲಿ ಹೊಸ ಹೆಸರಿಟ್ಟರು. ಹೆಕ್ಸಾಡಾಕ್ಟೈಲಾ ಯುರೋಪಿನ ಕಡೆಯದು. ಅದರ ಮರಿಹುಳು ಹನಿಸಕಲ್ ಬಳ್ಳಿಯ ಮೊಗ್ಗಿನೊಳಗೆ ಕೊರೆದುಕೊಂಡು ಬೆಳೆಯುತ್ತೆ. ಪತಂಗ ಚಳಿಗಾಲವನ್ನು ಶೆಡ್ಡು, ಮನೆ ಅಂತ ಎಲ್ಲಾದರೂ ಸೇರಿಕೊಂಡು ಕಳೆಯುತ್ತೆ. ಆದರೆ ಕುಲವೇನೋ ಪ್ರಪಂಚದ ಬಹುಭಾಗದಲ್ಲಿದೆ, ಅದರಲ್ಲಿ ನೂರಕ್ಕೂ ಜಾಸ್ತಿ ಪ್ರಭೇದಗಳಿವೆ.

ಪಟ್ಟೆ ನೋಡಿ ಪ್ರಭೇದ ಹೇಳೋದು ಕಷ್ಟ. ರೆಕ್ಕೆ ಮೇಲಿನ ಪುಡಿಯಂಥ ಹುರುಪೆ ಉದುರಿದರೆ ಪಟ್ಟೆಯೂ ಮಾಯ. ಖಚಿತವಾಗಬೇಕಾದರೆ ಸತ್ತ ಪತಂಗದ ಹೊಟ್ಟೆಯ ಭಾಗ ಬಿಡಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿಮಾಡಿ, ಮೆತ್ತಗಾದ ಮಾಂಸ ತೊಳೆದು, ಜನನಾಂಗದ ಗಟ್ಟಿ ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಾನು ಮೊದಲ ಸಲ ಮಾಡಿದಾಗ ಜಾಸ್ತಿ ಹೊತ್ತು ಬಿಸಿಮಾಡಿಬಿಟ್ಟೆ. ನೋಡೋಕೆ ಉಳಿದದ್ದು ಪಾರದರ್ಶಕ ಸಿಪ್ಪೆ ಮಾತ್ರ. ಆ ಪತಂಗದ ಚೀಟಿಯಲ್ಲಿ ಇವತ್ತಿಗೂ ‘ಅಲುಸಿಟಾ, ಪ್ರಭೇದ ಗೊತ್ತಿಲ್ಲ’ ಅಂತಲೇ ಇದೆ. ನೀವೂ ಹಾಗೇ ಬರೆದುಕೊಳ್ಳಿ. ಜೊತೆಗೆ ತಾರೀಕು, ಜಾಗ, ಹತ್ತಿರದಲ್ಲಿ ಯಾವ ಗಿಡಬಳ್ಳಿ ಇದೆ ಅನ್ನೋದನ್ನೂ.

ಗೋಡೆಗಣ್ಣು:
ಬರೆದುಕೊಂಡೆ. ಮತ್ತೆ ಹೋಗಿ ನೋಡಿದೆ, ಅಲ್ಲೇ ಕೂತಿದೆ. ಪಕ್ಕದಿಂದ ಟಾರ್ಚ್ ಬಿಟ್ಟಾಗ ಬಲಗಡೆಯ ಹನ್ನೆರಡನೆಯದೂ ಕಾಣಿಸಿತು.