ರೇಷ್ಮೆ ಗ್ರೂಪಿಗೆ ಸ್ಪ್ಯಾಮ್ ಕಾಟ: ಒಬ್ಬನನ್ನು ತೆಗೆದರೆ ಇಬ್ಬರು ಬರುತ್ತಾರೆ, ಏನು ಮಾಡಲಿ?

ಪ್ರಶ್ನೆ (ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು):
ನಮಸ್ಕಾರ ಅಕ್ಕ. ನಾವು ಬೆಳೆಗಾರರೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದೇವೆ. 600 ಜನ ಇದ್ದೇವೆ. ಗೂಡಿನ ರೇಟು ಎಷ್ಟು, ಚಾಕಿ ಹುಳ (ಮರಿ ಹುಳ) ಎಲ್ಲಿ ಸಿಗುತ್ತೆ, ಸೊಪ್ಪು ಯಾರ ಹತ್ತಿರ ಇದೆ, ಇಷ್ಟೇ ಮಾತು. ಎರಡು ತಿಂಗಳಿಂದ ಕಾಟ ಶುರುವಾಗಿದೆ. ಐದು ನಿಮಿಷದಲ್ಲಿ ಸಾಲ, ಮನೆಯಲ್ಲೇ ಕೂತು ದಿನಕ್ಕೆ ಮೂರು ಸಾವಿರ, ಶೇರು ಟಿಪ್ಸು. ರಾತ್ರಿ ಎರಡು ಗಂಟೆಗೂ ಬರುತ್ತೆ. ಮೊನ್ನೆ ನಾನು ಹುಳಕ್ಕೆ ಸೊಪ್ಪು ಹಾಕಿ ಬರುವುದರೊಳಗೆ 14 ಮೆಸೇಜ್ ಬಿದ್ದಿದ್ದವು. ಗೂಡಿನ ರೇಟು ಎಲ್ಲೋ ಮೇಲೆ ಹೋಗಿತ್ತು. ಮೂವರು ಹಳಬರು ಬೇಜಾರಾಗಿ ಗ್ರೂಪ್ ಬಿಟ್ಟೇಬಿಟ್ಟರು. ಅಡ್ಮಿನ್ ನಾನು. ತೆಗೆದೂ ತೆಗೆದೂ ಸಾಕಾಗಿದೆ.

ಉತ್ತರ (ಸೈಬರ್ ಭದ್ರತೆ ಕೆಲಸ, ಊರು ಗೌರಿಬಿದನೂರು):
ಅಣ್ಣ, ಮೊದಲು ಒಂದು ಮಾತು ಹೇಳಿ. ಗ್ರೂಪಿನ ಲಿಂಕ್ ಎಲ್ಲಾದರೂ ಹಾಕಿದ್ದೀರಾ?

ಪ್ರಶ್ನೆ ಕೇಳಿದವರು:
ಔಷಧಿ ಅಂಗಡಿ ಗೋಡೆಗೆ ಅಂಟಿಸಿದ್ದೇವೆ. ಫೇಸ್‌ಬುಕ್ಕಿನಲ್ಲೂ ಹಾಕಿದ್ದೆ, ಜನ ಜಾಸ್ತಿ ಸೇರಲಿ ಅಂತ.

ಉತ್ತರ:
ಅಲ್ಲೇ ಇದೆ ನೋಡಿ. ಗೋಡೆಯದ್ದು ಅಷ್ಟೇನೂ ತೊಂದರೆ ಇಲ್ಲ, ಫೇಸ್‌ಬುಕ್ಕಿನದ್ದೇ ತೊಂದರೆ. ಇಂಥ ಲಿಂಕುಗಳನ್ನು ಹುಡುಕಿ ಗುಡ್ಡೆ ಹಾಕುವುದಕ್ಕೇ ಪ್ರೋಗ್ರಾಂಗಳಿವೆ. ನೀವು ರೇಷ್ಮೆಯವರೋ ಟೊಮೆಟೊದವರೋ ಅವಕ್ಕೆ ಲೆಕ್ಕಕ್ಕಿಲ್ಲ. 600 ಜನಕ್ಕೆ ಮೆಸೇಜ್ ಹಾಕಲು ಅವನಿಗೆ ಖರ್ಚೇ ಇಲ್ಲ. ಒಬ್ಬರು ಬಿದ್ದರೂ ಲಾಭ. ಅದಕ್ಕೇ ನೀವು ಎಷ್ಟು ತೆಗೆದರೂ ಅವನಿಗೆ ಸುಸ್ತಾಗುವುದಿಲ್ಲ.

ರೇಷ್ಮೆ ಹುಳದ ಮೇಲೆ ಮೊಟ್ಟೆ ಇಟ್ಟು ಕೊಲ್ಲುವ ಉಜಿ ನೊಣಕ್ಕೆ ನೀವು ಏನು ಮಾಡುತ್ತೀರಿ? ಒಂದೊಂದನ್ನೇ ಅಟ್ಟಿಸಿಕೊಂಡು ಹೋಗುತ್ತೀರಾ? ಹುಳದ ಮನೆ ಕಿಟಕಿ ಬಾಗಿಲಿಗೆ ಪರದೆ ಕಟ್ಟುತ್ತೀರಿ. ಇಲ್ಲೂ ಅದೇ ಕೆಲಸ.

ಇವತ್ತೇ ಲಿಂಕ್ ರೀಸೆಟ್ ಮಾಡಿ. ಗ್ರೂಪ್ ಇನ್ಫೋದಲ್ಲಿ, ಲಿಂಕ್ ಇರುವ ಕಡೆಯೇ ಸಿಗುತ್ತೆ. ಹಳೇ ಲಿಂಕ್ ಸತ್ತುಹೋಗುತ್ತೆ, ಒಳಗಿರುವವರು ಇದ್ದ ಹಾಗೇ ಇರುತ್ತಾರೆ. ಆಮೇಲೆ ಗ್ರೂಪ್ ಸೆಟ್ಟಿಂಗ್ಸಿಗೆ ಹೋಗಿ, ಹೊಸಬರು ಬರಬೇಕಾದರೆ ಅಡ್ಮಿನ್ ಒಪ್ಪಬೇಕು ಅನ್ನುವುದನ್ನು ಆನ್ ಮಾಡಿ. ಬೇರೆಯವರನ್ನು ಸೇರಿಸುವ ಅಧಿಕಾರವೂ ಅಡ್ಮಿನ್‌ಗಳಿಗೆ ಮಾತ್ರ ಇರಲಿ.

ಇನ್ನು ಒಪ್ಪುವ ಮುಂಚೆ ಆ ನಂಬರಿಗೆ ಒಂದು ಪ್ರಶ್ನೆ ಕಳಿಸಿ. ಬೆಳೆಗಾರನಿಗೆ ಮಾತ್ರ ಗೊತ್ತಿರುವಂಥದ್ದು. ನಾನಾಗಿದ್ದರೆ ಕೇಳುತ್ತಿದ್ದೆ: ಹುಳಕ್ಕೆ ಎಷ್ಟು ಜ್ವರ? (ಹುಳ ಪೊರೆ ಬಿಡುವುದಕ್ಕೆ ಬೆಳೆಗಾರರು ಜ್ವರ ಅನ್ನುತ್ತಾರೆ.) ವೆಬ್‌ಸೈಟುಗಳಲ್ಲಿ ಸೊಟ್ಟ ಅಕ್ಷರ ತೋರಿಸಿ ಟೈಪ್ ಮಾಡಿ ಅನ್ನುತ್ತಾರಲ್ಲ, ಕ್ಯಾಪ್ಚಾ, ಅದಕ್ಕಿಂತ ಇದು ನಿಮಗೆ ಚೆನ್ನಾಗಿ ಕೆಲಸ ಮಾಡುತ್ತೆ.

ಚಿಂತಾಮಣಿಯಿಂದ ಒಬ್ಬರು:
ನಮ್ಮ ಗ್ರೂಪಿನಲ್ಲಿ ಮೆಸೇಜೇ ಇಲ್ಲ ಮೇಡಂ, ಆದರೆ ಎಲ್ಲರಿಗೂ ದಿನಾ ಸಾಲದ ಫೋನ್ ಬರುತ್ತೆ. ಏನು ಸಂಬಂಧ?

ಉತ್ತರ:
ಸಂಬಂಧ ಇರಬಹುದು ಸಾರ್. ಉಜಿ ನೊಣ ಸದ್ದು ಮಾಡಿ ಮೊಟ್ಟೆ ಇಡುತ್ತಾ? ಗ್ರೂಪಿಗೆ ಸೇರಿದವನಿಗೆ ಎಲ್ಲರ ನಂಬರ್ ಕಾಣುತ್ತೆ. ಏನೂ ಹಾಕದೆ ಪಟ್ಟಿ ಎತ್ತಿಕೊಂಡು ಹೊರಟುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಸುಮ್ನೆ ರೇಟು ತಿಳಿಸುವುದಷ್ಟೇ ನಿಮ್ಮ ಕೆಲಸವಾದರೆ ವಾಟ್ಸಾಪ್ ಚಾನೆಲ್ ಮಾಡಿ. ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ.

ಫೋನ್ ಕಾಟಕ್ಕೆ: ಇಂಗ್ಲಿಷಿನಲ್ಲಿ ಸ್ಟಾರ್ಟ್ ಅಂತ ಬರೆದು, ಒಂದು ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಎಸ್ಸೆಮ್ಮೆಸ್ ಮಾಡಿ. ಅದು ಡಿಎನ್‌ಡಿ, ಅಂದರೆ ‘ನನಗೆ ಜಾಹೀರಾತು ಬೇಡ’ ಅಂತ ಹೆಸರು ಬರೆಸುವುದು. ಕಂಪನಿಗಳ ಜಾಹೀರಾತು ಕರೆ ಕಮ್ಮಿಯಾಗುತ್ತೆ. ಆಮೇಲೂ ಬಂದರೆ 7 ದಿನದೊಳಗೆ ಅದೇ 1909ಕ್ಕೆ ದೂರು ಕೊಡಬಹುದು, ಮೊದಲು 3 ದಿನ ಇತ್ತು, 2025ರಲ್ಲಿ ಜಾಸ್ತಿ ಮಾಡಿದರು. ಕಳ್ಳರು ಡಿಎನ್‌ಡಿಗೆ ಹೆದರುವುದಿಲ್ಲ ಬಿಡಿ. ಮೋಸದ ಕರೆ ಅನ್ನಿಸಿದರೆ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಚಕ್ಷು ಅಂತ ಇದೆ, ಅಲ್ಲಿ ತಿಳಿಸಿ.

ಬಾಗೇಪಲ್ಲಿಯಿಂದ ಒಬ್ಬರು:
ನಮ್ಮಲ್ಲಿ ಹೊರಗಿನವರಲ್ಲ ಅಕ್ಕ, ಒಳಗಿನವರ ನಂಬರಿನಿಂದಲೇ ಬಂತು. ಮದುವೆ ಕರೆಯೋಲೆ ಅಂತ ಫೈಲು. ಕಳಿಸಿದ್ದು ನಮ್ಮೂರ ಮೇಷ್ಟ್ರು. ಮಗಳ ಮದುವೆ ಇರಬೇಕು ಅಂತ ನಾಲ್ಕು ಜನ ಒತ್ತಿದರು. ಮೇಷ್ಟ್ರಿಗೆ ಮಗಳೇ ಇಲ್ಲ!

ಉತ್ತರ:
ಇದು ಸ್ಪ್ಯಾಮಿಗಿಂತ ಕೆಟ್ಟದ್ದು. ಪರದೆ ಇದಕ್ಕೆ ಸಾಲದು, ಯಾಕೆಂದರೆ ನೊಣ ನಮ್ಮವರ ಹೆಗಲ ಮೇಲೆ ಕೂತು ಬಂದಿದೆ.

ಆ ಫೈಲಿನ ಹೆಸರಿನ ಕೊನೇ ಮೂರಕ್ಷರ ನೋಡಿ. ಎಪಿಕೆ ಅಂತಿದ್ದರೆ ಅದು ಕಾಗದ ಅಲ್ಲ, ಆ್ಯಪ್. ಕರೆಯೋಲೆ ಫೋಟೋ ಆಗಿರುತ್ತೆ, ಪಿಡಿಎಫ್ ಆಗಿರುತ್ತೆ, ವಿಡಿಯೋ ಆಗಿರುತ್ತೆ. ಯಾವ ಮದುವೆಗೂ ಆ್ಯಪ್ ಹಾಕಿಕೊಂಡು ಹೋಗಬೇಕಾಗಿಲ್ಲ. ಪಿಎಂ ಕಿಸಾನ್ ಹೆಸರಿನಲ್ಲಿ, ಟ್ರಾಫಿಕ್ ದಂಡದ ಹೆಸರಿನಲ್ಲೂ ಇದೇ ಬರುತ್ತೆ. ಹಾಕಿಕೊಂಡು, ಕೇಳಿದ್ದಕ್ಕೆಲ್ಲ ಅಲೋ ಒತ್ತಿದರೆ ಎಸ್ಸೆಮ್ಮೆಸ್ ಓದುತ್ತೆ. ಎಸ್ಸೆಮ್ಮೆಸ್ ಓದಿತು ಅಂದರೆ ಒಟಿಪಿ ಅವರ ಕೈಗೆ ಹೋಯಿತು.

ಮೇಷ್ಟ್ರನ್ನು ಗ್ರೂಪಿನಲ್ಲಿ ಬೈಯಬೇಡಿ. ಅವರ ಫೋನ್ ಕೆಟ್ಟಿದೆ, ಅವರಲ್ಲ. ಸದ್ಯಕ್ಕೆ ಗ್ರೂಪಿನಿಂದ ತೆಗೆಯಿರಿ, ಫೈಲನ್ನು ಎಲ್ಲರಿಗೂ ಅಳಿಸಿ (ಅಡ್ಮಿನ್‌ಗೆ ಆಗುತ್ತೆ), ಅವರಿಗೆ ಮಾಮೂಲಿ ಕರೆ ಮಾಡಿ ಹೇಳಿ. ಒತ್ತಿದ ನಾಲ್ಕು ಜನವೂ ಮೊದಲು ಡೇಟಾ, ವೈಫೈ ಆಫ್ ಮಾಡಲಿ. ಇನ್ನೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಲಿ. ಆಮೇಲೆ ಆ ಆ್ಯಪ್ ತೆಗೆಯುವುದು. ಹೋಗದಿದ್ದರೆ ಫೋನ್ ಫಾರ್ಮ್ಯಾಟ್ ಮಾಡಿಸಲೇಬೇಕು. ವಾಟ್ಸಾಪಿನ ಲಿಂಕ್ಡ್ ಡಿವೈಸಸ್‌ನಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಕಂಡರೆ ಲಾಗೌಟ್ ಮಾಡಿ, 6 ಅಂಕಿಯ ಪಿನ್ ಇಟ್ಟುಕೊಳ್ಳಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಈಗಲೇ ಫೋನ್ ಮಾಡಿ, ನಾಳೆ ಬೇಡ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯುವುದಕ್ಕೇ ಆ ನಂಬರ್ ಇರುವುದು.

ಪ್ರಶ್ನೆ ಕೇಳಿದವರು:
ಅಕ್ಕ, ಇಂಥದ್ದನ್ನ ಯಾರೋ ಹಾಕಿದರೆ ಅಡ್ಮಿನ್ ಮೇಲೆ ಕೇಸು ಆಗುತ್ತಾ? ಮನೆಯಲ್ಲಿ ಹೆದರಿಸುತ್ತಾರೆ.

ಉತ್ತರ:
ಸದಸ್ಯ ಹಾಕಿದ್ದಕ್ಕೆ, ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಮಾಡಲು ಬರುವುದಿಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟು, 2022ರಲ್ಲಿ ಕೇರಳ ಹೈಕೋರ್ಟು ಹೇಳಿವೆ. ಆದರೂ ಕಂಡ ತಕ್ಷಣ ಅಳಿಸಿ. ಒಬ್ಬರೇ ಒದ್ದಾಡಬೇಡಿ, ರಾತ್ರಿ ಎಚ್ಚರ ಇರುವ ಇನ್ನಿಬ್ಬರನ್ನು ಅಡ್ಮಿನ್ ಮಾಡಿ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಲ್ಲಿ ನಿಮಗೆಲ್ಲಿ ಪುರುಸೊತ್ತು.

ಪ್ರಶ್ನೆ ಕೇಳಿದವರು (ನಾಲ್ಕು ದಿನ ಆದ ಮೇಲೆ):
ಲಿಂಕ್ ಬದಲಾಯಿಸಿದೆ. ಇಲ್ಲಿಯವರೆಗೆ ಒಂದೂ ಬಂದಿಲ್ಲ. ಒಂಬತ್ತು ಜನ ಒಳಗೆ ಬರುತ್ತೇವೆ ಅಂದರು, ಜ್ವರದ ಪ್ರಶ್ನೆ ಕಳಿಸಿದೆ. ಐದು ಜನ ನಾಲ್ಕು ಅಂದರು, ಬಿಟ್ಟುಕೊಂಡೆ. ಇಬ್ಬರು ಉತ್ತರವೇ ಕೊಡಲಿಲ್ಲ. ಒಬ್ಬ ‘ಜ್ವರ ಇದ್ದರೆ ಡಾಕ್ಟರಿಗೆ ತೋರಿಸಿ’ ಅಂದ. ಒಂಬತ್ತನೆಯವನು ನನ್ನ ಬಾಮೈದ, ಹತ್ತು ವರ್ಷದಿಂದ ಹುಳ ಸಾಕುತ್ತಾನೆ, ‘ಮೂರು’ ಅಂದಿದ್ದಾನೆ. ಇವನನ್ನ ಏನು ಮಾಡಲಿ?

ಉತ್ತರ:
ಅದು ನನ್ನ ಇಲಾಖೆ ಅಲ್ಲ ಅಣ್ಣ. ಅತ್ತಿಗೆಯನ್ನು ಕೇಳಿ.