ಕರುಗಳ ನ್ಯುಮೋನಿಯಾ: ಇಂಜೆಕ್ಷನ್‌ಗೆ ಮುಂಚೆ ರೈತರಿಗೆ ಹೇಳಬೇಕಾದ್ದು ಏನು?

ಪ್ರಶ್ನೆ (ಮಳವಳ್ಳಿ ಕಡೆಯ ಪಶುವೈದ್ಯ)

ಧನುರ್ಮಾಸ ಹಿಡಿಯಿತೆಂದರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಊರುಗಳಲ್ಲಿ ಬೆಳಿಗ್ಗೆ ಮಂಜು, ಮಧ್ಯಾಹ್ನ ಸುಡು ಬಿಸಿಲು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿ ಕರುಗಳಲ್ಲಿ, ಅದರಲ್ಲೂ ಒಂದರಿಂದ ನಾಲ್ಕು ತಿಂಗಳಿನವುಗಳಲ್ಲಿ, ಕೆಮ್ಮು, ಜ್ವರ, ಏದುಸಿರು ಹೆಚ್ಚುತ್ತದೆ. ನಮಗೆ ಕರೆ ಬರುವ ಹೊತ್ತಿಗೆ ಕರು ಹಾಲು ಬಿಟ್ಟು ಮೂರು ದಿನ ಆಗಿರುತ್ತದೆ. ಆಮೇಲೆ ಏನು ಚುಚ್ಚಿದರೂ ಕರು ಬದುಕಿದರೂ ಬೆಳೆಯುವುದಿಲ್ಲ. ಡೇರಿಗೆ ಹಾಲು ಹಾಕಲು ಬಂದವರ ಜೊತೆ ಹತ್ತು ನಿಮಿಷ ಸಿಕ್ಕರೆ ಏನು ಹೇಳಬೇಕು? ಕೊಟ್ಟಿಗೆಯಲ್ಲಿ ಏನು ನೋಡಬೇಕು? "ಗಳಲೆ ಲಸಿಕೆ ಹಾಕ್ಸಿದ್ವಲ್ಲ ಸಾರ್, ಮತ್ಯಾಕೆ ಬಂತು" ಅನ್ನುವವರಿಗೆ ಉತ್ತರ ಏನು?

ಉತ್ತರ 1 (ಮೈಸೂರು, ದೊಡ್ಡ ಪ್ರಾಣಿಗಳ ಚಿಕಿತ್ಸೆ)

ಲಸಿಕೆಯ ಮಾತು ಮೊದಲು ಮುಗಿಸೋಣ. ಗಳಲೆ ರೋಗ ಬೇರೆ, ಕೊಟ್ಟಿಗೆಯ ನ್ಯುಮೋನಿಯಾ ಬೇರೆ. ಗಳಲೆಗೆ ಕಾರಣ ಪಾಶ್ಚರೆಲ್ಲಾ ಮಲ್ಟೊಸಿಡಾದ ಒಂದು ನಿರ್ದಿಷ್ಟ ಬಗೆ. ಗಂಟಲು ಊದಿ ಒಂದೆರಡು ದಿನದಲ್ಲೇ ಪ್ರಾಣ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಆ ಲಸಿಕೆ ಬೇಕೇ ಬೇಕು. ಆದರೆ ಕರುವಿನ ನ್ಯುಮೋನಿಯಾದಲ್ಲಿ ವೈರಸ್ಸು, ಮೈಕೋಪ್ಲಾಸ್ಮಾ, ಮ್ಯಾನ್‌ಹೀಮಿಯಾ, ಬೇರೆ ಬಗೆಯ ಪಾಶ್ಚರೆಲ್ಲಾ ಎಲ್ಲವೂ ಸೇರಿಕೊಂಡಿರುತ್ತವೆ. ಈ ಬ್ಯಾಕ್ಟೀರಿಯಾಗಳಲ್ಲಿ ಹಲವು ಆರೋಗ್ಯವಾಗಿರುವ ಕರುವಿನ ಮೂಗಿನಲ್ಲೂ ಇರುತ್ತವೆ. ಅವು ಶ್ವಾಸಕೋಶಕ್ಕೆ ಇಳಿಯಲು ದಾರಿ ಮಾಡಿಕೊಡುವುದು ಕೊಟ್ಟಿಗೆಯ ಗಾಳಿ.

ಹಾಗಾಗಿ ಕರುವಿಗಿಂತ ಮೊದಲು ಗಾಳಿ ಪರೀಕ್ಷೆ ಮಾಡಿ. ನಿಂತುಕೊಂಡು ಮೂಸಿದರೆ ಏನೂ ಗೊತ್ತಾಗದು. ಕರು ಮಲಗುವ ಜಾಗದಲ್ಲಿ ಮಂಡಿಯೂರಿ, ಅದರ ಮೂಗಿನ ಎತ್ತರಕ್ಕೆ ಬಗ್ಗಿ ಉಸಿರೆಳೆಯಿರಿ. ಗಂಜಲದ ಘಾಟಿಗೆ ನಿಮ್ಮ ಕಣ್ಣು ಉರಿದರೆ ಅಲ್ಲೇ ದಿನವಿಡೀ ಮಲಗುವ ಕರುವಿನ ಗತಿ ಯೋಚಿಸಿ. ಶ್ವಾಸನಾಳದ ಒಳಗೆ ಕಸವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳನ್ನು ಅಮೋನಿಯಾ ಕೆಡಿಸುತ್ತದೆ. ಸೊಳ್ಳೆಗೆಂದು ಸಂಜೆ ಬಾಗಿಲು ಹಾಕಿ ಹಾಕುವ ಹೊಗೆಯ ಕೆಲಸವೂ ಅದೇ. ಹೊಗೆ ಬಿಡಿಸಿ ಸೊಳ್ಳೆಪರದೆ ಕಟ್ಟಿಸುವುದು ಎಷ್ಟೋ ಮೇಲು.

ಚಳಿಗೆ ಟಾರ್ಪಾಲು ಕಟ್ಟುವಾಗ ನೆಲದಿಂದ ಮೂರು ನಾಲ್ಕು ಅಡಿವರೆಗೆ ಮಾತ್ರ ಮುಚ್ಚಿಸಿ. ಸೂರಿನ ಕೆಳಗೆ ಒಂದಡಿಯಾದರೂ ತೆರೆದಿರಲಿ. ಬಿಸಿ ಗಾಳಿ ಮೇಲಿಂದ ಹೊರಗೆ ಹೋಗಬೇಕು, ತಣ್ಣನೆ ಗಾಳಿ ಕರುವಿನ ಮೈಮೇಲೆ ನೇರ ಬೀಸಬಾರದು. ಹೊಸದಾಗಿ ಶೀಟ್ ಹಾಕುವವರಿಗೆ ನೆತ್ತಿಯಲ್ಲಿ ಸಂದು ಬಿಡಲು ಹೇಳಿ: ಕೊಟ್ಟಿಗೆಯ ಪ್ರತಿ ಹತ್ತು ಅಡಿ ಅಗಲಕ್ಕೆ ಎರಡು ಅಂಗುಲ. ನೆಲದ ಇಳಿಜಾರು 40 ಅಡಿಗೆ ಒಂದಡಿ ಇದ್ದರೆ ಗಂಜಲ ನಿಲ್ಲುವುದಿಲ್ಲ.

ಕರು ಮಲಗಲು ಒಣ ನೆಲ್ಲುಹುಲ್ಲು ಅಥವಾ ಕಬ್ಬಿನ ತರಗು ದಪ್ಪಗೆ ಹಾಸಿಸಿ; ಮಲಗಿದಾಗ ಕಾಲು ಮುಚ್ಚುವಷ್ಟು. ಮಂಡಿಯೂರಿ ಎದ್ದಾಗ ನಿಮ್ಮ ಪ್ಯಾಂಟು ಒದ್ದೆಯಾದರೆ ಹಾಸು ಬದಲಿಸಬೇಕು ಅಂತ ಅರ್ಥ. ಬೂಷ್ಟು ಹಿಡಿದ ಹುಲ್ಲನ್ನು ಮಾತ್ರ ಮೇವಿಗೂ ಬೇಡ, ಹಾಸಿಗೂ ಬೇಡ.

ಉತ್ತರ 2 (ಮಂಡ್ಯ, ಹಾಲು ಒಕ್ಕೂಟದ ಕ್ಷೇತ್ರ ಕೆಲಸ)

ಮೇಲಿನ ಮಾತಿಗೆ ಗಿಣ್ಣುಹಾಲು ಸೇರಿಸುತ್ತೇನೆ. ಹುಟ್ಟುವಾಗ ಕರುವಿನ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯ ಇರುವುದೇ ಇಲ್ಲ ಅನ್ನಬಹುದು. ಅದು ಬರುವುದು ಗಿಣ್ಣಿನಿಂದ, ಅದನ್ನು ಹೀರುವ ಕರುಳಿನ ದಾರಿ 24 ಗಂಟೆಯಲ್ಲಿ ಮುಚ್ಚಿಹೋಗುತ್ತದೆ. "ಕಸ (ಮಾಸು) ಬೀಳಲಿ, ಆಮೇಲೆ ಕುಡಿಸೋಣ" ಎಂದು ಕಾಯುವ ರೂಢಿಯಲ್ಲಿ ಈ ಹೊತ್ತೇ ಕಳೆದುಹೋಗುತ್ತದೆ. ಕರು ಚೀಪಿದರೆ ಗರ್ಭಕೋಶ ಕುಗ್ಗಿ ಕಸ ಬೀಳಲು ಸಹಾಯವೇ ಆಗುತ್ತದೆ ಎಂದು ಬಿಡಿಸಿ ಹೇಳಿ, ಕೇಳುತ್ತಾರೆ. 30 ಕೆ.ಜಿ. ಕರುವಿಗೆ ಎರಡು ಗಂಟೆಯೊಳಗೆ ಒಂದೂವರೆ ಲೀಟರ್, ಆರು ಗಂಟೆಯೊಳಗೆ ಇನ್ನೊಂದೂವರೆ, 12ನೇ ಗಂಟೆಗೆ ಮತ್ತೆ ಒಂದೂವರೆ. ಲೋಟದಲ್ಲಿ ಅಂದಾಜು ಬೇಡ, ಡೇರಿಯ ಅಳತೆ ಪಾತ್ರೆಯಲ್ಲೇ ಅಳೆಯಲಿ.

ಬೇಗ ಪತ್ತೆಯಾಗಬೇಕಾದರೆ ಪ್ರತಿ ಡೇರಿಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ಗುದದಲ್ಲಿ ಇಟ್ಟು ನೋಡಿ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ, ಜೊತೆಗೆ ಕೆಮ್ಮು, ಗಟ್ಟಿ ಸಿಂಬಳ, ಜೋತ ಕಿವಿ ಇವುಗಳಲ್ಲಿ ಒಂದಿದ್ದರೂ ಅವತ್ತೇ ಕರೆ ಮಾಡಬೇಕು. ನೆರಳಲ್ಲಿ ಸುಮ್ಮನೆ ಮಲಗಿದ ಕರುವಿನ ಪಕ್ಕೆ ನಿಮಿಷಕ್ಕೆ 40ಕ್ಕಿಂತ ಹೆಚ್ಚು ಸಲ ಏರಿಳಿದರೂ ಹಾಗೇ. ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ವಾಹನ ಬರುತ್ತದೆ.

ಉತ್ತರ 3 (ಕೆ.ಆರ್. ಪೇಟೆ, ಪಶುವೈದ್ಯೆ)

ಇಬ್ಬರೂ ಹೇಳದ ಒಂದು ಕಾರಣವಿದೆ: ಗೊಟ್ಟ, ಅಂದರೆ ಔಷಧಿ ಹುಯ್ಯುವ ಬಿದಿರಿನ ಕೊಳವೆ. ದೊಡ್ಡ ಹಸುಗಳ ನ್ಯುಮೋನಿಯಾದಲ್ಲಿ ಇದನ್ನು ಕೇಳದೆ ಬಿಡಬೇಡಿ. ಹೊಟ್ಟೆ ಉಬ್ಬರಕ್ಕೆ ಎಣ್ಣೆ, ಜ್ವರಕ್ಕೆ ಕಷಾಯ ಎಂದು ತಲೆ ಮೇಲೆತ್ತಿ, ನಾಲಿಗೆ ಹೊರಗೆಳೆದು, ಗೊಟ್ಟದಲ್ಲಿ ಹುಯ್ಯುತ್ತಾರೆ. ನಾಲಿಗೆ ಹಿಡಿದರೆ ಹಸುವಿಗೆ ನುಂಗಲು ಆಗುವುದಿಲ್ಲ, ಹುಯ್ದದ್ದು ಶ್ವಾಸನಾಳಕ್ಕೆ ಇಳಿಯುತ್ತದೆ. ಲಿಕ್ವಿಡ್ ಪ್ಯಾರಾಫಿನ್ ಇನ್ನೂ ಅಪಾಯ, ಕೆಮ್ಮು ಕೂಡ ಬರಿಸದೆ ಒಳಗೆ ಹೋಗುತ್ತದೆ. ಒಂದೆರಡು ದಿನದಲ್ಲಿ ಜ್ವರ, ಕೊಳೆತ ವಾಸನೆಯ ಉಸಿರು. ಈ ಬಗೆಯ ನ್ಯುಮೋನಿಯಾದಿಂದ ಉಳಿಸಿಕೊಳ್ಳುವುದು ಬಹಳ ಕಷ್ಟ.

ಹಾಲುಜ್ವರ ಬಂದು ಮಲಗಿದ ಹಸುವಿಗೆ, ಕಾಲುಬಾಯಿ ಜ್ವರದಲ್ಲಿ ಬಾಯಿ ಹುಣ್ಣಾದದ್ದಕ್ಕೆ ಬಾಯಿಯಲ್ಲಿ ಏನನ್ನೂ ಹುಯ್ಯಬಾರದು. ಮಾತ್ರೆಯಾದರೆ ರಾಗಿ ಮುದ್ದೆಯೊಳಗೆ ಬೆಲ್ಲದ ಜೊತೆ ಇಟ್ಟು ಕೊಡಲಿ. ದ್ರವ ಕೊಡಲೇಬೇಕಿದ್ದರೆ ಮೂಗು ಬೆನ್ನಿನ ಮಟ್ಟಕ್ಕಿಂತ ಮೇಲೇಳಬಾರದು. ನಾಲಿಗೆ ಮುಟ್ಟದೆ ದವಡೆಯ ಪಕ್ಕದಿಂದ ಸಣ್ಣ ಬಾಟಲಿಯಲ್ಲಿ 50 ಮಿ.ಲೀ. ಹಾಕಿ, ನುಂಗಿದ್ದು ನೋಡಿ, ಮತ್ತೆ 50. ಕೆಮ್ಮಿದ ತಕ್ಷಣ ತಲೆ ಬಿಟ್ಟುಬಿಡಬೇಕು. ಲೀಟರ್‌ಗಟ್ಟಲೆ ಇದ್ದರೆ ನಾವೇ ಹೋಗಿ ಹೊಟ್ಟೆಗೆ ಟ್ಯೂಬ್ ಇಳಿಸಬೇಕು. ಕರುವಿನ ಬಾಟಲಿಯನ್ನೂ ನೋಡಿ: ತಲೆಕೆಳಗು ಮಾಡಿದರೆ ಹನಿ ಬೀಳಬೇಕು, ಧಾರೆ ಸುರಿದರೆ ನಿಪ್ಪಲ್‌ನ ತೂತು ದೊಡ್ಡದಾಗಿದೆ.

ಏದುಸಿರೆಲ್ಲ ನ್ಯುಮೋನಿಯಾ ಅಲ್ಲ ಅನ್ನುವುದೂ ನೆನಪಿರಲಿ. ಮೈಮೇಲೆ ಉಣ್ಣೆ, ಭುಜದ ಮುಂದೆ ಊದಿದ ಗಂಟು, ಬಿಳಿಚಿದ ಕಣ್ಣು ಕಂಡರೆ ಕಿವಿಯಿಂದ ರಕ್ತದ ಸ್ಮಿಯರ್ ತೆಗೆದು ಥೈಲೇರಿಯಾ (ಉಣ್ಣೆಯಿಂದ ಹರಡುವ ರಕ್ತದ ಪರಾವಲಂಬಿ) ನೋಡಿ. ಅದಕ್ಕೆ ಬೇಕಾದ್ದು ಬುಪಾರ್ವಕ್ವೋನ್. ಬರೀ ಆಂಟಿಬಯಾಟಿಕ್ ಕೊಡುತ್ತಾ ಕೂತರೆ ದಿನ ಕಳೆಯುತ್ತದೆ, ಹಸು ಉಳಿಯುವುದಿಲ್ಲ.

ಚುಂಚನಕಟ್ಟೆ, ಮುಡುಕುತೊರೆ ಜಾತ್ರೆಯಿಂದ ತಂದ ದನವನ್ನು 21 ದಿನ ಬೇರೆ ಕಡೆ ಕಟ್ಟಿಸಿ. ಗೋದಲಿ, ನೀರಿನ ಬಕೆಟ್ಟು ಬೇರೆಯೇ ಇರಲಿ. ಪ್ರಯಾಣದ ಆಯಾಸದಲ್ಲಿ ಬರುವ ಜ್ವರ ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಗೊಟ್ಟದ ವಿಷಯವನ್ನು ಹತ್ತು ನಿಮಿಷದಲ್ಲಿ ಮೊದಲೇ ಹೇಳುತ್ತೇನೆ, ಧನ್ಯವಾದ ಮೇಡಂ. ಇನ್ನೆರಡು: ಎರಡು ದಿನ ಇಂಜೆಕ್ಷನ್ ಆದಮೇಲೆ ಕರು ಚೇತರಿಸಿತೆಂದು ರೈತರು ನಿಲ್ಲಿಸುತ್ತಾರೆ, ವಾರದಲ್ಲಿ ಮತ್ತೆ ಜ್ವರ. ಸತ್ತ ಕರುವಿನ ಮಾದರಿ ಹೇಗೆ ತೆಗೆಯುವುದು?

ಉತ್ತರ 1 ಬರೆದವರು

ಎರಡನೇ ದಿನ ಇಳಿಯುವುದು ಜ್ವರ ಮಾತ್ರ, ಶ್ವಾಸಕೋಶದ ಗಟ್ಟಿಯಾದ ಭಾಗ ಹಾಗೇ ಇರುತ್ತದೆ. ದಿನಾ ಹೋಗಲಾಗದ ಊರಿಗೆ ದೀರ್ಘಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ (ಆಂಟಿಬಯಾಟಿಕ್) ಕೆ.ಜಿ.ಗೆ 20 ಮಿ.ಗ್ರಾಂ., ಆಳವಾದ ಸ್ನಾಯುವಿಗೆ. 72 ಗಂಟೆಗೆ ಮತ್ತೊಮ್ಮೆ. ಜೊತೆಗೆ ಜ್ವರ, ಉರಿಯೂತ ಇಳಿಸಲು ಮೆಲಾಕ್ಸಿಕಾಂ ಕೆ.ಜಿ.ಗೆ 0.5 ಮಿ.ಗ್ರಾಂ. ಅದೇ ಗುಂಪಿನ ಡೈಕ್ಲೋಫೆನಾಕ್ 2006ರಿಂದ, ಕೀಟೋಪ್ರೊಫೆನ್ 2023ರಿಂದ ದನಗಳಿಗೆ ನಿಷೇಧ. ಇವನ್ನು ಕೊಟ್ಟ ದನದ ಹೆಣ ತಿಂದೇ ರಣಹದ್ದು ಅಳಿಯುವುದು, ಮನುಷ್ಯರ ಮೆಡಿಕಲ್ ಸ್ಟೋರ್‌ನಿಂದ ತರಿಸಲೇಬೇಡಿ. ಸ್ಟಿರಾಯ್ಡ್ ಕೊಟ್ಟರೆ ಕರು ಅವತ್ತು ಎದ್ದು ನಿಲ್ಲುತ್ತದೆ, ಆದರೆ ರೋಗ ತಡೆಯುವ ಶಕ್ತಿ ಕುಸಿಯುತ್ತದೆ; ತುಂಬು ಗಬ್ಬದ ಹಸು ಕಂದು ಹಾಕುತ್ತದೆ (ಗರ್ಭಪಾತ). ಡ್ರಿಪ್ ಜೋರಾಗಿ ಬಿಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. 48 ಗಂಟೆಗೆ ಮತ್ತೆ ಜ್ವರ ಅಳೆದು, ಇಳಿಯದಿದ್ದರೆ ಔಷಧಿ ಬದಲಿಸಿ. ಹಾಲು ಕೊಡುವ ಹಸುವಾದರೆ ಲೇಬಲ್‌ನಲ್ಲಿರುವಷ್ಟು ದಿನ ಹಾಲು ಡೇರಿಗೆ ಹಾಕುವ ಹಾಗಿಲ್ಲ ಎಂದು ಚೀಟಿಯಲ್ಲಿ ಬರೆದು ಕೊಡಿ.

ಮಾದರಿಗೆ ಶ್ವಾಸಕೋಶದ ಮುಂಭಾಗದ ಕೆಳತುದಿ ನೋಡಿ. ಯಕೃತ್ತಿನಂತೆ ಗಟ್ಟಿಯಾಗಿ, ನೀರಿಗೆ ಹಾಕಿದರೆ ಮುಳುಗುತ್ತದೆ. ಗಟ್ಟಿ ಭಾಗ ಮತ್ತು ಚೆನ್ನಾಗಿರುವ ಭಾಗ ಸೇರುವ ಅಂಚಿನಿಂದ ಎರಡು ತುಂಡು: ಒಂದು ಹಾಗೇ ಐಸ್ ಪೆಟ್ಟಿಗೆಯಲ್ಲಿ, ಇನ್ನೊಂದು ತೆಳ್ಳಗೆ ಕೊಯ್ದು ತುಂಡಿನ ಹತ್ತು ಪಟ್ಟು ಅಳತೆಯ ಫಾರ್ಮಲಿನ್‌ನಲ್ಲಿ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳಿಸಿ. ಯಾವ ಆಂಟಿಬಯಾಟಿಕ್ ಎಷ್ಟು ದಿನ ಕೊಟ್ಟಿತ್ತು ಎಂದು ಬರೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದಾಗ ಅದರ ಅರ್ಥ ಏನೆಂದು ಅವರಿಗೂ ತಿಳಿಯದು. ಸಾಧ್ಯವಿದ್ದರೆ ಸತ್ತದ್ದಕ್ಕಿಂತ, ಅದೇ ಕೊಟ್ಟಿಗೆಯಲ್ಲಿ ಹೊಸದಾಗಿ ಜ್ವರ ಬಂದು ಇನ್ನೂ ಇಂಜೆಕ್ಷನ್ ಬೀಳದ ಕರುವಿನ ಮೂಗಿನ ಆಳದಿಂದ ಸ್ವಾಬ್ ತೆಗೆಯಿರಿ, ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.