ದಾಸವಾಳದ ಕಡ್ಡಿಗೆ ಬೇರು ಬರಿಸಲು ಐಬಿಎ, ಜಿಎ, ಬಿಎ ಹಾರ್ಮೋನುಗಳನ್ನು ಒಟ್ಟಿಗೆ ಬೆರೆಸಬಹುದಾ?

ಹೊಸನಗರ_ಹೂತೋಟ:
ಮೂರನ್ನೂ ಬೆರೆಸಿ ಅದ್ದಿ ನೆಟ್ಟ ಹೈಬ್ರಿಡ್ ದಾಸವಾಳದ ಕಡ್ಡಿಗಳು ಹತ್ತೇ ದಿನಕ್ಕೆ ಚಿಗುರಿದವು, ಮೂರನೇ ವಾರಕ್ಕೆ ಬಾಡಿದವು. ಕಿತ್ತರೆ ಬುಡದಲ್ಲಿ ಬಿಳಿ ಗಂಟು, ಬೇರಿಲ್ಲ. ದೊಡ್ಡ ಗಿಡದಲ್ಲಿ ಮೊಗ್ಗೂ ಉದುರುತ್ತಿವೆ. ಅದಕ್ಕೆ ಮೊಗ್ಗು ಉದುರದಂತೆ ಹೊಡೆಯುವ ಹಾರ್ಮೋನ್ 4.5% ಎನ್‌ಎಎ ಜೊತೆ ಜಿಎ ಸೇರಿಸಿ ಹೊಡೆಯಬಹುದಾ?

ಸಸಿಮಡಿ:
ಬೆರೆಸಿದ್ದೇ ತಪ್ಪಾಗಿದೆ. ಬೇರು ಬರಿಸೋದು ಐಬಿಎ. ಜಿಎ, ಬಿಎ ಎರಡೂ ಬೇರನ್ನು ತಡೆದು ಚಿಗುರಿನ ಕಡೆಗೆ ಎಳೆಯುತ್ತವೆ. ಮೊದಲ ಚಿಗುರು ಬರೋದು ಕಡ್ಡಿಯೊಳಗಿದ್ದ ಆಹಾರದಿಂದ, ಅದು ತೀರಿದ ಮೇಲೆ ನೀರು ಎಳೆಯಲು ಬೇರಿಲ್ಲದೆ ಬಾಡುತ್ತೆ. ಬುಡದ ಬಿಳಿ ಗಂಟು ಬೇರಾಗದೆ ಉಳಿದ ಕ್ಯಾಲಸ್, ಅಂದರೆ ಕತ್ತರಿಸಿದ ಗಾಯದ ಮೇಲೆ ಬೆಳೆದ ಜೀವಕೋಶಗಳ ಮುದ್ದೆ.

ಜಿಎ ಮಾಡೋದೇನು ಅಂತ ಭತ್ತದ ಸಸಿಮಡಿಯಲ್ಲೇ ನೋಡಬಹುದು: ನಾಲ್ಕಾರು ಸಸಿ ಮಾತ್ರ ತೆಳ್ಳಗೆ, ಬಿಳಿಚಿಕೊಂಡು, ಉಳಿದವಕ್ಕಿಂತ ಎತ್ತರ ನಿಂತಿರುತ್ತವೆ. ಅದು ಶಿಲೀಂಧ್ರದಿಂದ ಬರೋ ರೋಗ. ಆ ಶಿಲೀಂಧ್ರ ಸ್ರವಿಸುವ ವಸ್ತುವೇ ಕಾರಣ ಅಂತ 1926ರಲ್ಲಿ ಜಪಾನಿನ ವಿಜ್ಞಾನಿ ಕುರೊಸಾವಾ ತೋರಿಸಿದ್ದು. ಆ ವಸ್ತುವೇ ಜಿಬ್ಬರೆಲಿನ್, ಅಂದರೆ ಜಿಎ; ಹೆಸರೂ ಆ ಶಿಲೀಂಧ್ರದ್ದೇ (ಜಿಬ್ಬರೆಲ್ಲಾ).

ಅಳತೆ: 1 ಗ್ರಾಂ ಐಬಿಎ ಪುಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿ. ಅದರಲ್ಲಿ 10 ಮಿ.ಲೀ., ಮತ್ತೆ ಆಲ್ಕೋಹಾಲ್ 40, ನೀರು 50 ಸೇರಿದರೆ 1000 ಪಿಪಿಎಂ (ಲೀಟರಿಗೆ 1000 ಮಿ.ಗ್ರಾಂ). ಪುಡಿಯನ್ನು ನೇರ ನೀರಿಗೆ ಹಾಕಿದರೆ ಕರಗದೆ ತಳ ಹಿಡಿಯುತ್ತೆ. ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯ ಒಂದು ಸೆಂ.ಮೀ. ಮಾತ್ರ 5 ಸೆಕೆಂಡ್ ಅದ್ದಿ, ಆಲ್ಕೋಹಾಲ್ ಆರಿದ ಮೇಲೆ ನೆಡಿ. ಹೆಚ್ಚು ಹೊತ್ತು ಬಿಟ್ಟರೆ ಬುಡ ಕಪ್ಪಾಗುತ್ತೆ. ಬಲಿತ ಕಡ್ಡಿಗೆ 2000 ಪಿಪಿಎಂವರೆಗೂ ಹೋಗಬಹುದು. ಮರಳು, ತೆಂಗಿನ ನಾರಿನ ಪುಡಿ ಸಮಸಮ ಹಾಕಿ. ನಮ್ಮ ಮಳೆಗೆ ಹಂಚಿನ ಹನಿ ಬೀಳದ ಕಡೆ ಇಡದಿದ್ದರೆ ಯಾವ ಹಾರ್ಮೋನೂ ಕೊಳೆಯೋದನ್ನು ತಡೆಯಲ್ಲ.

ಮಲೆನಾಡ_ಕೈತೋಟ:
ಮೊಗ್ಗಿನ ವಿಷಯಕ್ಕೆ ಬರ್ತೀನಿ. ಮೊದಲು ಕುಂಡದಲ್ಲಿ ನೀರು ನಿಂತಿದೆಯಾ, ಬಿಸಿಲು ಬೀಳುತ್ತಾ, ಮೊಗ್ಗೊಳಗೆ ಥ್ರಿಪ್ಸ್ ಅನ್ನೋ ಸಣ್ಣ ಕೀಟ ಇದೆಯಾ ನೋಡಿ. ಜೂನ್-ಆಗಸ್ಟಿನಲ್ಲಿ ಬೇರಿಗೆ ಉಸಿರಾಟ ಇಲ್ಲದೆಯೇ ಎಷ್ಟೋ ಮೊಗ್ಗು ಉದುರುತ್ತವೆ. ಇದೆಲ್ಲ ಸರಿಯಿದ್ದರೆ ಮಾತ್ರ ಎನ್‌ಎಎ, ಅದೂ ಒಂಟಿಯಾಗಿ: 4.5% ದ್ರಾವಣ 1 ಮಿ.ಲೀ.ಗೆ 4.5 ಲೀಟರ್ ನೀರು, ಅಂದರೆ 10 ಪಿಪಿಎಂ. ಜಾಸ್ತಿ ಹಾಕಿದರೆ ಗಿಡ ಎಥಿಲೀನ್ ಅನಿಲ ಬಿಡುತ್ತೆ, ಎಲೆ ಕೆಳಗೆ ಬಾಗುತ್ತೆ, ಇದ್ದ ಮೊಗ್ಗೂ ಹೋಗುತ್ತೆ.

ಗಿಡ ಗಿಡ್ಡವಾಗಿರಲಿ ಅಂತ ಪ್ಯಾಕ್ಲೊಬ್ಯುಟ್ರಜಾಲ್ ಹಾಕಿದ್ದರೆ ಜಿಎ ಹತ್ತಿರವೂ ತರಬೇಡಿ. ಅದು ಗಿಡದೊಳಗೆ ಜಿಎ ತಯಾರಾಗೋದನ್ನೇ ನಿಲ್ಲಿಸುತ್ತೆ, ಹೊರಗಿಂದ ಮತ್ತೆ ಕೊಟ್ಟರೆ ಎರಡಕ್ಕೂ ದುಡ್ಡು ದಂಡ.

ಹೊಸನಗರ_ಹೂತೋಟ:
ಹಾಗಾದರೆ ಬಿಎ ಯಾವುದಕ್ಕೆ?

ಸಸಿಮಡಿ:
ಆರ್ಕಿಡ್‌ಗೆ. ಫೆಲನಾಪ್ಸಿಸ್ ಹೂದಂಟಿನ ಕೆಳಗಿನ ಗಿಣ್ಣಿನ ಸಿಪ್ಪೆ ಮೆಲ್ಲಗೆ ಬಿಡಿಸಿ, ಕುರಿ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್‌ನಲ್ಲಿ ಕಲಸಿದ ಬಿಎ ಸಾಸಿವೆ ಕಾಳಿನಷ್ಟು ಹಚ್ಚಿದರೆ ಅಲ್ಲೇ ಮರಿ ಮೂಡಬಹುದು. ಜೊತೆಯಾಗಿ ಕೆಲಸ ಮಾಡೋದೂ ಉಂಟು: ಕುಂಡದ ಲಿಲ್ಲಿಯ ಕೆಳ ಎಲೆ ಹಳದಿಯಾಗದಂತೆ ಬಿಎ ಜೊತೆ ಜಿಎ4+7 ಅನ್ನೋ ಬಗೆಯ ಜಿಎ ಹೊಡೀತಾರೆ. ನಿಮ್ಮ ಹತ್ತಿರ ಇರೋದು ಜಿಎ3 ಆಗಿದ್ದರೆ ಅದು ಬೇರೆ, ಪೊಟ್ಟಣದ ಮೇಲೆ ನೋಡಿಕೊಳ್ಳಿ.